ತಿಳಿನೀರಲ್ಲೇ ಸತ್ತ ಮೀನು

ನಮ್ಮ ಮಾವನ ಮನೆಯ ಹಾಲ್‌ನಲ್ಲಿ ಎರಡಡಿ ಉದ್ದದ ಮೀನಿನ ತೊಟ್ಟಿ ಇದೆ. ವಾಸ್ತು ಹೇಳಿದ ಮೂಲೆಯಲ್ಲೇ ಇದೆ. ಹೋದ ವರ್ಷ ಅದರಲ್ಲಿ ಒಂದೇ ವಾರಕ್ಕೆ ನಾಲ್ಕು ಗೋಲ್ಡ್‌ಫಿಶ್ ಸತ್ತವು. ಅತ್ತೆಗೆ ಬೇಜಾರಿಗಿಂತ ಸಮಾಧಾನವೇ ಜಾಸ್ತಿ. "ಮನೆಗೆ ಬರಬೇಕಿದ್ದ ಕಂಟಕ ಮೀನಿನ ಮೇಲೆ ಹೋಯ್ತು" ಅಂದರು. ಮಾವ ನನ್ನನ್ನು ಪಕ್ಕಕ್ಕೆ ಕರೆದು ತೊಟ್ಟಿ ತೋರಿಸಿದರು. "ನೀರು ನೋಡು, ಇದೆಯೋ ಇಲ್ವೋ ಅನ್ನೋ ಹಾಗಿದೆ. ಒಂದು ಮೈಕ್ರಾನ್ ಫಿಲ್ಟರ್ ಹಾಕ್ಸಿದೀನಿ. ಇನ್ನೇನು ಮಾಡ್ಲಿ?"

ನೀರು ನಿಜಕ್ಕೂ ಹಾಗೇ ಇತ್ತು. ಮೀನು ಸತ್ತಿದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ತಿಳಿಯಲು ದೃಷ್ಟಿ, ಕಂಟಕ ಯಾವುದೂ ಬೇಕಿಲ್ಲ. ನೀರು ಬಗ್ಗಡವಾಗೋದು ಅಂದರೇನು ಅಂತ ಗೊತ್ತಾದರೆ ಸಾಕು.

ಒಂದು ಕಲ್ಲುಸಕ್ಕರೆ ತುಂಡು ತಗೊಳ್ಳಿ. ಅದರ ಮೂಲಕ ಆಚೆ ಬದಿ ಕಾಣುತ್ತದೆ. ಕುಟ್ಟಿ ಪುಡಿ ಮಾಡಿ. ಈಗ ಬರೀ ಬಿಳಿ, ಆಚೆ ಏನೂ ಕಾಣದು. ಸಕ್ಕರೆ ಅದೇ, ತೂಕವೂ ಅದೇ. ಹೆಚ್ಚಿದ್ದು ಬೆಳಕು ಬಡಿದು ದಿಕ್ಕು ತಪ್ಪುವ ಮೈ ಮಾತ್ರ. ಒಂದು ಮಿಲಿಮೀಟರಿನ ಒಂದೇ ಒಂದು ಮರಳ ಕಾಳನ್ನು ಒಂದೊಂದು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ, ಚೂರುಗಳಾಗಿ ಒಡೆದರೆ ನೂರು ಕೋಟಿ ಚೂರು ಸಿಗುತ್ತವೆ. ತೊಟ್ಟಿಯ ತಳದಲ್ಲಿ ಆ ಕಾಳು ಕಣ್ಣಿಗೇ ಬೀಳುವುದಿಲ್ಲ. ಆದರೆ ಅಂಥ ಒಂದು ಚಿಟಿಕೆ ಕಾಳುಗಳ ಚೂರು ಸಾಕು, ನೀರು ಮಂಕಾಗಲು.

ಚೂರುಗಳು ತಾವೇ ಕೆಳಗೆ ಕೂರಬಹುದಲ್ವಾ? ಕೂರುತ್ತವೆ, ನಿಮಗೆ ತಾಳ್ಮೆ ಇದ್ದರೆ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ಇದರ ಲೆಕ್ಕ ಬರೆದಿಟ್ಟರು. ಕಣದ ಗಾತ್ರ ಹತ್ತನೇ ಒಂದಾದರೆ ಅದು ಇಳಿಯುವ ವೇಗ ನೂರನೇ ಒಂದಾಗುತ್ತದೆ. 10 ಮೈಕ್ರಾನಿನ ಮರಳ ಕಣ ಒಂದಡಿ ನೀರು ಇಳಿಯಲು ಸುಮಾರು ಒಂದು ಗಂಟೆ ಬೇಕು. 1 ಮೈಕ್ರಾನಿನದಕ್ಕೆ ನಾಲ್ಕು ದಿನ. ಅದೂ ನೀರು ಅಲುಗಾಡದೆ ನಿಂತಿದ್ದರೆ. ಮೀನು ಬಾಲ ಬೀಸುತ್ತಿರುವ, ಗಾಳಿಗುಳ್ಳೆ ಏಳುತ್ತಿರುವ ತೊಟ್ಟಿಯಲ್ಲಿ ಅದು ನಡೆಯದ ಮಾತು. ಅದಕ್ಕೇ ಫಿಲ್ಟರ್.

ಫಿಲ್ಟರ್ ಅಂದರೆ ಜರಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಅಂಗಡಿಯಲ್ಲಿ ಸಿಗುವ ಬಿಳಿ ಫಿಲ್ಟರ್ ಹತ್ತಿಯನ್ನು ಭೂತಗನ್ನಡಿಯಲ್ಲಿ ನೋಡಿ. ಎಳೆಗಳ ನಡುವೆ ಇರುವ ಸಂದಿನಲ್ಲಿ ಸಣ್ಣ ಕಣಗಳು ಮೆರವಣಿಗೆ ಹೋಗಬಹುದು. ಆದರೂ ಅದು ಅವುಗಳಲ್ಲಿ ಎಷ್ಟನ್ನೋ ಹಿಡಿಯುತ್ತದೆ. ಹೇಗೆ?

ಬೆಳಗಿನ ಹೊತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ನೆನೆಯಿರಿ. ಕಂಬಗಳು ದೂರ ದೂರ ಇವೆ, ಜನ ಹೊಳೆಯ ಹಾಗೆ ಹರಿಯುತ್ತಿದ್ದಾರೆ. ತಲೆ ಮೇಲೆ ದೊಡ್ಡ ಗಂಟು ಹೊತ್ತವನು ಜನರ ಜೊತೆಗೇ ಕಂಬವನ್ನು ಬಳಸಿ ಹೋಗಲು ನೋಡುತ್ತಾನೆ. ಗಂಟು ಮಾತ್ರ ಕಂಬಕ್ಕೆ ತಾಗಿಯೇ ತಾಗುತ್ತದೆ. ದೊಡ್ಡ ಕಣಗಳ ಪಾಡು ಇದು. ಇನ್ನೊಬ್ಬ ಕುಡಿದು ತೂರಾಡುತ್ತಿದ್ದಾನೆ. ಅವನಿಗೆ ಗಂಟೂ ಇಲ್ಲ, ಗುರಿಯೂ ಇಲ್ಲ. ಆ ಕಡೆ ಈ ಕಡೆ ವಾಲುತ್ತಾ ಯಾವುದಾದರೂ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾನೆ. ಅತಿ ಸಣ್ಣ ಕಣಗಳು ಹೀಗೆ. ನೀರಿನ ಅಣುಗಳು ಅವನ್ನು ಎಲ್ಲ ಕಡೆಯಿಂದ ತಳ್ಳುತ್ತಲೇ ಇರುತ್ತವೆ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಡಿ ಕಂಡ ಕುಣಿತ ಇದೇ. ತಪ್ಪಿಸಿಕೊಳ್ಳುವವನು ಮೂರನೆಯವನು. ಕೈಯಲ್ಲಿ ಸಣ್ಣ ಚೀಲ, ತಲೆ ನೆಟ್ಟಗೆ. ಗಂಟಿನ ಕಾಟ ಇಲ್ಲ, ತೂರಾಟವೂ ಇಲ್ಲ. ಜನರ ನಡುವೆ ನುಸುಳಿ ಸೀದಾ ಬಸ್ ಹತ್ತುತ್ತಾನೆ.

ನೀರಿನಲ್ಲಿ ಆ ಮೂರನೆಯವನ ಗಾತ್ರ ಸುಮಾರು ಒಂದು ಮೈಕ್ರಾನ್. ಯಾವ ಫಿಲ್ಟರ್ ಹಾಸಿಗೂ ಹಿಡಿಯಲು ಕಷ್ಟವಾದ ಗಾತ್ರ ಅದು. ಬ್ಯಾಕ್ಟೀರಿಯಾಗಳ ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ! ಹೊಸ ತೊಟ್ಟಿಯ ನೀರು ಮೂರನೇ ದಿನಕ್ಕೆ ಮಜ್ಜಿಗೆ ತಿಳಿಯ ಹಾಗೆ ಬೆಳ್ಳಗಾದಾಗ ಎಷ್ಟು ಹತ್ತಿ ತುರುಕಿದರೂ ಜಗ್ಗದೇ ಇರುವುದು ಇದಕ್ಕೇ. ಸುಮ್ನೆ ಬಿಟ್ಟರೆ ಕೆಲವು ದಿನದಲ್ಲಿ ತಾನೇ ತಿಳಿಯಾಗುತ್ತದೆ.

ಮನೆಯ ಕಾಫಿ ಫಿಲ್ಟರ್ ಇನ್ನೊಂದು ಗುಟ್ಟು ಹೇಳುತ್ತದೆ. ಅದರ ತೂತು ಪುಡಿಯ ನುಣುಪಿಗಿಂತ ಎಷ್ಟೋ ದೊಡ್ಡದು. ಆದರೂ ಡಿಕಾಕ್ಷನ್ ತಿಳಿಯಾಗಿಯೇ ಇಳಿಯುತ್ತದೆ. ಮೊದಲ ಕೆಲವು ಹನಿಯಲ್ಲಷ್ಟೇ ಚರಟ. ಆಮೇಲೆ ಸೋಸುವುದು ತೂತಲ್ಲ, ಪುಡಿಯ ಹಾಸು. ಮೀನಿನ ತೊಟ್ಟಿಗೆ ಬರುವ ಡಯಾಟಮ್ ಫಿಲ್ಟರ್ ಕೆಲಸ ಮಾಡುವುದು ಥೇಟ್ ಹೀಗೆ. ಒಂದು ಬಟ್ಟೆಚೀಲದ ಮೇಲೆ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ, ನೀರು ಅದರ ಮೂಲಕ ಹಾಯುತ್ತದೆ. ಆ ಪುಡಿ ಡಯಾಟಮ್ ಅನ್ನೋ ಒಂಟಿಜೀವಕೋಶದ ಪಾಚಿಗಳ ಚಿಪ್ಪು. ಚಿಪ್ಪು ಅಂದರೆ ಸಿಲಿಕಾ, ಗಾಜಿನ ಹತ್ತಿರದ ಬಂಧು. ಮೈತುಂಬಾ ತೂತು. ಲಕ್ಷಾಂತರ ವರ್ಷ ಕೆರೆ ಕಡಲುಗಳ ತಳದಲ್ಲಿ ಕೂತು ಮಣ್ಣಾಗಿವೆ. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಮುಟ್ಟಿದರೆ ಸಿಡಿಯುವ ನೈಟ್ರೋಗ್ಲಿಸರಿನ್ ಅನ್ನು ಇದೇ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕುಡಿಯುವ ನೀರನ್ನು ಇದರಲ್ಲೇ ಸೋಸಿತು. ಆಮಶಂಕೆ ತರುವ ಅಮೀಬಾದ ಗಟ್ಟಿ ಕೋಶಗಳು ಮಾಮೂಲಿ ಕ್ಲೋರಿನ್‌ಗೆ ಸಾಯುತ್ತಿರಲಿಲ್ಲ, ಈ ಹಾಸಿನಲ್ಲಿ ಸಿಕ್ಕಿಬೀಳುತ್ತಿದ್ದವು. ಬಾಂಬಿಗೂ ಆಯಿತು, ಬಾಯಾರಿಕೆಗೂ ಆಯಿತು. ಈಗ ಗೋಲ್ಡ್‌ಫಿಶ್ ತೊಟ್ಟಿಗೂ.

ಡಬ್ಬದ ಮೇಲಿನ 'ಒಂದು ಮೈಕ್ರಾನ್' ಬಗ್ಗೆ ಒಂದು ಮಾತು. ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಅದರರ್ಥ 'ಆ ಗಾತ್ರದ ಕಣಗಳಲ್ಲಿ ಒಂದು ಪಾಲು ನಿಲ್ಲುತ್ತದೆ' ಅಂತ, ಎಲ್ಲವೂ ನಿಲ್ಲುತ್ತದೆ ಅಂತಲ್ಲ. ನುಣುಪಾದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ, ನೀರಿನ ಓಟ ಸೊರಗುತ್ತದೆ. ಅದಕ್ಕೆ ಒರಟು ಸ್ಪಾಂಜ್ ಮೊದಲು, ಹತ್ತಿ ಆಮೇಲೆ, ನುಣುಪಿನದು ಕೊನೆಗೆ. ಅದೂ ದಿನವಿಡೀ ಬೇಡ. ತೊಟ್ಟಿ ಕೆದಕಿದ ದಿನ ಕೆಲವು ಗಂಟೆ ಓಡಿಸಿ ತೆಗೆದರೆ ಸಾಕು.

ಇಷ್ಟಕ್ಕೂ ತಿಳಿನೀರು ಅಂತ ಹೇಳುವುದು ನಮ್ಮ ಕಣ್ಣು. 1870ರ ದಶಕದಲ್ಲಿ ಜಾನ್ ಟಿಂಡಾಲ್ ಒಂದು ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ಧೂಳೆಲ್ಲ ಕೆಳಗೆ ಕೂರುವ ತನಕ ಕಾದು, ಅದರ ಮೂಲಕ ಬೆಳಕಿನ ಕೋಲು ಹಾಯಿಸಿದರು. ಕೋಲು ಕಾಣಲೇ ಇಲ್ಲ. ಆ ಪೆಟ್ಟಿಗೆಯಲ್ಲಿ ಕುದಿಸಿಟ್ಟ ಮಾಂಸದ ಸಾರೂ ಹಳಸಲಿಲ್ಲ. ನೀವೂ ರಾತ್ರಿ ದೀಪ ಆರಿಸಿ ತೊಟ್ಟಿಯ ಪಕ್ಕದಿಂದ ಟಾರ್ಚ್ ಬಿಡಿ. ಕೋಲು ಕಂಡರೆ ಕಣಗಳಿವೆ. ಕಾಣದಿದ್ದರೆ ಕಣಗಳಿಲ್ಲ. ಅಷ್ಟೇ. ಕರಗಿದ್ದರ ಬಗ್ಗೆ ಟಾರ್ಚ್ ತುಟಿ ಬಿಚ್ಚುವುದಿಲ್ಲ.

ಮೀನು ಕಿವಿರಿನಿಂದ ಬಿಡುವ ಅಮೋನಿಯಾ ಕರಗಿರುವಂಥದ್ದು, ಮೀನಿಗೇ ವಿಷ. ಅದರ ಅಣುವಿಗೆ ಒಂದು ಮೈಕ್ರಾನಿನ ತೂತು ತನ್ನ ಮೈಯ ಸುಮಾರು ಮೂರು ಸಾವಿರ ಪಟ್ಟು ದೊಡ್ಡ ಹೆಬ್ಬಾಗಿಲು. ಇದನ್ನು ಯಾವ ನುಣುಪು ಫಿಲ್ಟರೂ ತಡೆಯದು, ತಿನ್ನಬೇಕು. ತಿನ್ನುವವರು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೇಡಲ್ಲ. ಇವು ನಿಧಾನಕ್ಕೆ ಬೆಳೆಯುತ್ತವೆ, ವಾರಗಟ್ಟಲೆ ಬೇಕು. ಇರುವುದು ಎಲ್ಲಿ? ಕಂದುಬಣ್ಣದ, ಲೋಳೆಲೋಳೆ ಹಳೆ ಸ್ಪಾಂಜಿನಲ್ಲಿ.

"ಹಳೇ ಸ್ಪಾಂಜ್ ಎಲ್ಲಿ?" ಅಂತ ಮಾವನನ್ನು ಕೇಳಿದೆ. "ಆ ಗಲೀಜಾ? ಹೊಸ ಫಿಲ್ಟರ್ ಬಂದ ದಿನವೇ ಎಸೆದೆ."

ನಮ್ಮ ಹಳಬರು ಬಗ್ಗಡದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು. ಅದು ಕಣಗಳನ್ನು ಒಂದಕ್ಕೊಂದು ಅಂಟಿಸಿ ದಪ್ಪ ಮಾಡಿ ಕೆಳಗಿಳಿಸುತ್ತದೆ. ಸಂಸ್ಕೃತದಲ್ಲಿ ಅದು ಕತಕ. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಅಂತ ಮನುಸ್ಮೃತಿಯಲ್ಲೇ ಒಂದು ಸಾಲಿದೆ. ಅತ್ತೆಗೆ ಇದನ್ನು ಹೇಳಿ ನೋಡಿದೆ. "ಮನು ಮೀನು ಸಾಕಿದ್ನಾ?" ಅಂದರು.

ಮರುದಿನ ನನ್ನ ತೊಟ್ಟಿಯ ಹಳೆ ಸ್ಪಾಂಜಿನಲ್ಲಿ ಅರ್ಧ ಕತ್ತರಿಸಿ ಒಯ್ದೆ. ಅವರ ಫಿಲ್ಟರಿನಲ್ಲಿ ಕೂರಿಸುವ ಮುಂಚೆ ತೊಟ್ಟಿಯ ನೀರಿನಲ್ಲೇ ಒಮ್ಮೆ ಹಿಂಡಿದೆ. ಗಾಜಿನಂಥ ನೀರು ಕ್ಷಣದಲ್ಲಿ ಚಹಾದಂತಾಯಿತು. ಉಳಿದ ಎರಡು ಮೀನು ಅದರೊಳಗೆ ಮರೆಯಾದವು. ಮಾವ ತಲೆ ಮೇಲೆ ಕೈ ಹೊತ್ತು ಕೂತರು.