ಅಚ್ಚಾಗದ ಸುದ್ದಿಯ ಬಲ: ಗಾಸಿಪ್ ಅಂಕಣಕಾರರ ಬಗ್ಗೆ ಟಿಪ್ಪಣಿ

ಪತ್ರಿಕೋದ್ಯಮ ಓದುವ ನಾವು ಗಾಸಿಪ್ ಅಂಕಣದ ಚರಿತ್ರೆ ಬಂದಾಗ, ಯಾರು ಯಾರ ಗುಟ್ಟು ಬಯಲು ಮಾಡಿದರು ಎಂದು ಪಟ್ಟಿ ಬರೆದುಕೊಂಡು ಮುಂದೆ ಹೋಗುತ್ತೇವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ತಿಳಿದೂ ಅವರು ಬರೆಯದೆ ಇಟ್ಟುಕೊಂಡ ಸುದ್ದಿ. ಅವರ ಅಧಿಕಾರದ ಬೇರು ಅಲ್ಲಿದೆ.

ನ್ಯೂಯಾರ್ಕ್‌ನ 'ಟೌನ್ ಟಾಪಿಕ್ಸ್' ವಾರಪತ್ರಿಕೆಯ ಮಾಲೀಕ ಕರ್ನಲ್ ಮ್ಯಾನ್ ಇದನ್ನು ಸೀದಾ ವ್ಯಾಪಾರವಾಗಿಯೇ ನಡೆಸಿದ. 1906ರ ಒಂದು ಮಾನಹಾನಿ ಮೊಕದ್ದಮೆಯಲ್ಲಿ, ದೊಡ್ಡ ದೊಡ್ಡ ಶ್ರೀಮಂತರು ಅವನಿಗೆ 'ಸಾಲ' ಕೊಟ್ಟದ್ದು ಹೊರಬಂತು. ವಾಪಸು ಬರುವ ಸಾಲವಲ್ಲ, ಬಾಯಿ ಮುಚ್ಚಿಸುವ ಹಣ.

ಹಾಲಿವುಡ್‌ನಲ್ಲಿ ಇದು ಹೆಚ್ಚು ನಾಜೂಕಾಯಿತು. ಅಲ್ಲಿನ ಎರಡು ಹೆಸರು ಮರೆಯಬಾರದು: ಹರ್ಸ್ಟ್ ಸಮೂಹದ ಪತ್ರಿಕೆಗಳ ಅಂಕಣಕಾರ್ತಿ ಲೊಯೆಲಾ ಪಾರ್ಸನ್ಸ್, ಮತ್ತು ನಟಿಯಾಗಿದ್ದು 1938ರಲ್ಲಿ ಅಂಕಣ ಶುರುಮಾಡಿದ ಹೆಡಾ ಹಾಪರ್. ಬೆವರ್ಲಿ ಹಿಲ್ಸ್‌ನ ತನ್ನ ಮನೆಯನ್ನು ಹಾಪರ್ 'ಭಯ ಕಟ್ಟಿಸಿದ ಮನೆ' ಎಂದೇ ಕರೆಯುತ್ತಿದ್ದಳು. ಭಯ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ನೋಡಬೇಕು. ಆಗಿನ ತಾರೆಯರು ಸಾಮಾನ್ಯವಾಗಿ 7 ವರ್ಷದ ಒಪ್ಪಂದದಲ್ಲಿ ಸ್ಟುಡಿಯೊಗೆ ಕಟ್ಟುಬಿದ್ದವರು. ಹೆಸರು ಕೆಟ್ಟರೆ ಕೆಲಸದಿಂದ ತೆಗೆಯುವ ಷರತ್ತೂ ಅದರಲ್ಲಿರುತ್ತಿತ್ತು. ಜನರೊಡನೆ ನೇರ ಮಾತಾಡಲು ತಾರೆಗೆ ಸ್ವಂತ ದಾರಿ ಇರಲಿಲ್ಲ. ಪಾರ್ಸನ್ಸ್‌ಳ ಗಂಡ ಸ್ಟುಡಿಯೊ ವೈದ್ಯ ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿ. ಅವಳಿಗೊಂದು ಸುದ್ದಿ ಸಿಕ್ಕರೆ ಸ್ಟುಡಿಯೊ ಚೌಕಾಸಿಗೆ ಬರುತ್ತಿತ್ತು: ಇದನ್ನು ಬಿಡಿ, ಬದಲಿಗೆ ಇನ್ನೊಂದು ವಿಶೇಷ ಸುದ್ದಿ ನಿಮಗೇ ಮೊದಲು ಕೊಡುತ್ತೇವೆ.

ನಟಿ ಇಂಗ್ರಿಡ್ ಬರ್ಗ್‌ಮನ್ ಪ್ರಕರಣವನ್ನು ಚೆನ್ನಾಗಿ ಓದಿಕೊಳ್ಳಿ. 1949ರಲ್ಲಿ ಆಕೆ 'ಸ್ಟ್ರಾಂಬೋಲಿ' ಚಿತ್ರಕ್ಕಾಗಿ ಇಟಲಿಗೆ ಹೋದಳು. ನಿರ್ದೇಶಕ ರೊಸೆಲಿನಿಯ ಜೊತೆ ಪ್ರೇಮವಾಯಿತು. ಇಬ್ಬರಿಗೂ ಬೇರೆ ಮದುವೆಯಾಗಿತ್ತು. ಹಾಪರ್ ರೋಮ್‌ಗೇ ಹೋಗಿ ವಿಚಾರಿಸಿ, ಬರ್ಗ್‌ಮನ್ ಬಸಿರಿ ಎಂಬ ಮಾತು ಸುಳ್ಳು ಎಂದು ಬರೆದಳು. ಡಿಸೆಂಬರ್‌ನಲ್ಲಿ ಪಾರ್ಸನ್ಸ್ ಅದು ನಿಜವೆಂದು ಮುಖಪುಟದಲ್ಲಿ ಸಾರಿದಳು. 1950ರ ಫೆಬ್ರುವರಿಯಲ್ಲಿ ಮಗು ಹುಟ್ಟಿತು. ಮಾರ್ಚ್‌ನಲ್ಲಿ ಸೆನೆಟರ್ ಎಡ್ವಿನ್ ಜಾನ್ಸನ್ ಸೆನೆಟ್‌ನಲ್ಲೇ ಎದ್ದು ನಿಂತು ಆಕೆಯನ್ನು ಖಂಡಿಸಿದ. ಒಬ್ಬ ನಟಿಯ ಬಸಿರು ಶಾಸನಸಭೆಯ ಚರ್ಚೆಯಾಯಿತು! ಇದು ಕ್ರೌರ್ಯವೇ. ಆದರೆ ಅದೇ ಬರ್ಗ್‌ಮನ್ 'ಅನಸ್ತೇಸಿಯಾ' ಚಿತ್ರಕ್ಕೆ 1957ರಲ್ಲಿ ಆಸ್ಕರ್ ಪಡೆದಳು. ಅಂಕಣ ಹಾಕಿದ ಬಹಿಷ್ಕಾರ ಏಳೆಂಟು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ ಎಂಬುದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಲೇಬೇಕು.

ಯಾಕೆ ಬಾಳಲಿಲ್ಲ? ಸ್ಟುಡಿಯೊಗಳ ಹಿಡಿತ ಸಡಿಲವಾಗುತ್ತಿತ್ತು. 1948ರ ಸುಪ್ರೀಂ ಕೋರ್ಟ್ ತೀರ್ಪು ಚಿತ್ರಮಂದಿರಗಳ ಒಡೆತನವನ್ನು ಅವುಗಳಿಂದ ಬಿಡಿಸಿತು, ಟಿವಿ ಮನೆಮನೆಗೆ ಬಂತು. 1952ರಲ್ಲಿ ಹುಟ್ಟಿದ 'ಕಾನ್ಫಿಡೆನ್ಷಿಯಲ್' ಪತ್ರಿಕೆಗೆ ಸ್ಟುಡಿಯೊಗಳ ದಾಕ್ಷಿಣ್ಯವಿರಲಿಲ್ಲ. ಅಂಕಣಕಾರ್ತಿಯರು ಕೈಬಿಟ್ಟದ್ದನ್ನೇ ಅದು ಛಾಪಿಸಿತು. ಹತ್ತು ಜನರ ಕೈಗೆ ಹೋದ ಗುಟ್ಟಿಗೆ ಚೌಕಾಸಿಯ ಬೆಲೆ ಎಲ್ಲಿಂದ ಬರಬೇಕು?

ಇಂಟರ್ನೆಟ್ ಬಂದ ಮೇಲಿನ ಕತೆ ಬೇಗ ಹೇಳಬಹುದು. 2009ರ ಜೂನ್ 25ರಂದು ಮೈಕಲ್ ಜಾಕ್ಸನ್ ಸಾವನ್ನು ಮೊದಲು ಹೇಳಿದ್ದು 'ಟಿಎಂಝಡ್' ಜಾಲತಾಣ. ಅಲ್ಲಿ ಮುಖ್ಯವಾದದ್ದು ವೇಗ. ಒಂದು ಗಂಟೆ ಸುದ್ದಿ ತಡೆಹಿಡಿದರೆ ಇನ್ನೊಬ್ಬರು ಹಾಕಿಬಿಡುತ್ತಾರೆ. ಇನ್ನು ತಾರೆಯರಿಗೆ ಮಧ್ಯವರ್ತಿಯೇ ಬೇಡವಾಯಿತು: 2017ರ ಡಿಸೆಂಬರ್‌ನಲ್ಲಿ ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಇಟಲಿಯಲ್ಲಿ ಮದುವೆಯಾಗಿ, ತಾವೇ ಫೋಟೊ ಹಾಕಿ ಜಗತ್ತಿಗೆ ತಿಳಿಸಿದರು. ಅದುವರೆಗೆ ಮಾಧ್ಯಮದವರ ಬಳಿ ಇದ್ದದ್ದು ಬರೀ ಊಹೆ.

ಹಾಗೆಂದು ಸುದ್ದಿ ಮುಚ್ಚಿಡುವ ವ್ಯವಹಾರ ಸತ್ತಿತು ಎಂದು ಬರೆದರೆ ಉತ್ತರ ತಪ್ಪಾಗುತ್ತದೆ. 'ನ್ಯಾಷನಲ್ ಎನ್‌ಕ್ವೈರರ್' ಪತ್ರಿಕೆಯ ಮಾಲೀಕ ಸಂಸ್ಥೆ 2016ರಲ್ಲಿ, ಟ್ರಂಪ್ ಜೊತೆ ಸಂಬಂಧವಿತ್ತೆಂದ ಮಾಜಿ ಮಾಡೆಲ್ ಒಬ್ಬರ ಕತೆಯನ್ನು 1,50,000 ಡಾಲರ್‌ಗೆ ಕೊಂಡು ಪ್ರಕಟಿಸದೆ ಇಟ್ಟುಕೊಂಡಿತು. ಸಂಬಂಧ ಇರಲಿಲ್ಲ ಎಂಬುದು ಟ್ರಂಪ್ ನಿಲುವು. ಆದರೆ ಚುನಾವಣೆಯ ಮೇಲೆ ಪ್ರಭಾವ ಬೀಳದಂತೆ ಆ ಕತೆಯನ್ನು ತಡೆದದ್ದೆಂದು ಸಂಸ್ಥೆಯೇ 2018ರಲ್ಲಿ ಪ್ರಾಸಿಕ್ಯೂಟರ್‌ಗಳ ಮುಂದೆ ಒಪ್ಪಿಕೊಂಡಿತು. ಮ್ಯಾನ್‌ಗೆ ಹಣ ಕೊಟ್ಟವರು ಸುದ್ದಿಗೆ ಅಂಜಿದ ಶ್ರೀಮಂತರು; ಇಲ್ಲಿ ಹಣ ಕೊಟ್ಟದ್ದು ಪತ್ರಿಕೆ, ಪಡೆದದ್ದು ಕತೆ ಹೇಳಲು ಬಂದವರು. ಎರಡನ್ನೂ ಹೋಲಿಸಿ ಬರೆಯುವಾಗ ಈ ವ್ಯತ್ಯಾಸದಿಂದಲೇ ಶುರುಮಾಡಿ.