ವೀರಗಲ್ಲಿನ ಜೊತೆ ಹೊಲವೂ ಇತ್ತು

2024ರ ಡಿಸೆಂಬರ್ 24ರಂದು ಜಮ್ಮು-ಕಾಶ್ಮೀರದ ಪೂಂಚ್‌ನಲ್ಲಿ ಸೇನೆಯ ವಾಹನವೊಂದು ಕಮರಿಗೆ ಉರುಳಿತು. 11ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 5 ಯೋಧರು ಜೀವ ಕಳೆದುಕೊಂಡರು. ಅವರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯವರು, ಇನ್ನೊಬ್ಬರು ಬಾಗಲಕೋಟೆ ಜಿಲ್ಲೆಯವರು. ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಊರಿಗೆ ಬಂದವು, ಸಾವಿರಾರು ಜನ ಸೇರಿದರು.

ಈ ಭಾಗದಲ್ಲಿ ಇಂಥ ಅಂತ್ಯಕ್ರಿಯೆ ಈಗ ಎಲ್ಲರಿಗೂ ಗೊತ್ತಿರುವ ದೃಶ್ಯ. ಶಾಲೆ ಮೈದಾನದಲ್ಲಿ ಪೆಂಡಾಲ್, ಮೂರು ಸುತ್ತು ಗುಂಡು, ಧ್ವಜ ಮಡಚಿ ಹೆಂಡತಿಯ ಕೈಗೆ ಕೊಡುವ ಅಧಿಕಾರಿ, ನಾಲ್ಕು ದಿನಕ್ಕೆ ಸರ್ಕಲ್‌ಗೆ ಹೊಸ ಹೆಸರು. ಹಿಂದಿನಿಂದಲೂ ಹೀಗೇ ಇತ್ತು ಅಂದುಕೊಳ್ಳುತ್ತೇವೆ. ಆದರೆ ಇದಕ್ಕೆ ವಯಸ್ಸು ಇನ್ನೂ ಮೂವತ್ತು ತುಂಬಿಲ್ಲ.

ಅದಕ್ಕಿಂತ ಹಳೆಯದು ಹಳ್ಳಿಗಳಲ್ಲೇ ನಿಂತಿದೆ. ಹಣಮಪ್ಪನ ಗುಡಿ ಪಕ್ಕ, ಕೆರೆ ದಂಡೆ ಮೇಲೆ, ಎಷ್ಟೋ ಕಡೆ ಅರ್ಧ ಮಣ್ಣಲ್ಲಿ ಹೂತ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಇವರಲ್ಲಿ ಬಹಳಷ್ಟು ಜನ ದೊಡ್ಡ ಯುದ್ಧದಲ್ಲಿ ಸತ್ತವರಲ್ಲ. ಗಡಿ ದಾಟಿ ಬಂದವರು ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತವರು. ಶಾಸನಗಳು ಇದನ್ನು ತುರುಗೊಳ್ ಅನ್ನುತ್ತವೆ. ಊರಿನ ಗಡಿಯೇ ಆಗ ದೇಶದ ಗಡಿ.

ಕಲ್ಲನ್ನು ನಾವು ನೋಡುತ್ತೇವೆ, ಅರಿಶಿನ ಕುಂಕುಮ ಹಚ್ಚುತ್ತೇವೆ. ಅದರ ಜೊತೆಗಿದ್ದ ಇನ್ನೊಂದು ವಿಷಯ ಕಣ್ಣಿಗೆ ಬೀಳುವುದಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕಲ್ಲು ಊರಿನ ನೆನಪಿಗೆ, ಹೊಲ ಮಕ್ಕಳ ಊಟಕ್ಕೆ. ಮುಂದಿನ ಕಾಲದಲ್ಲಿ ಈ ಎರಡೂ ಬೇರೆ ಬೇರೆಯಾದವು. ಯೋಧರ ಮನೆಯವರ ಪರಿಹಾರ, ಪಿಂಚಣಿ ಸುತ್ತ ಇವತ್ತು ಏಳುವ ತಕರಾರುಗಳ ಬುಡ ಅಲ್ಲೇ ಇದೆ ಅನ್ನುವುದು ನನ್ನ ಲೆಕ್ಕ.

ಬ್ರಿಟಿಷರ ಕಾಲಕ್ಕೆ ಬರೋಣ. ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಬಾಗಲಕೋಟೆ ವಿಜಯಪುರದೊಳಗೇ ಇತ್ತು. ಬೆಳಗಾವಿಯಲ್ಲಿ ಈಗ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಮೂಲ 1768ರದ್ದು. ಮೊದಲ ಮಹಾಯುದ್ಧದಲ್ಲಿ ಅದರ ಪಡೆಗಳು ಮೆಸೊಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ ಹೋದವು. ಕುತ್ ಎಂಬ ಊರಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ ಸೇನೆಯಲ್ಲಿ 103, 110 ಮತ್ತು 117ನೇ ಮರಾಠಾ ಪಡೆಗಳಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಅವರು ಒಳಗೇ ಸಿಕ್ಕಿಹಾಕಿಕೊಂಡರು. ಕೊನೆಗೆ ಕಾಳು ಮುಗಿದು ಶರಣಾದರು. 1918ರಲ್ಲಿ ಶರ್ಕತ್ ಎಂಬಲ್ಲಿ 114ನೇ ಮರಾಠಾ ಪಡೆ ಹೆಸರು ಮಾಡಿತು. ಬೆಳಗಾವಿಯ ಮರಾಠಾ ಕೇಂದ್ರದಲ್ಲಿರುವ ಯುದ್ಧ ಸ್ಮಾರಕಕ್ಕೆ ಆ ಊರಿನದೇ ಹೆಸರು.

ಅಲ್ಲಿ ಸತ್ತವರು ಏನಾದರು? ಬಸ್ರಾದಲ್ಲಿ ಬ್ರಿಟಿಷರು ದೊಡ್ಡ ಸ್ಮಾರಕ ಕಟ್ಟಿದರು. ಬಿಳಿಯ ಸಿಪಾಯಿಗಳ ಹೆಸರನ್ನು ಒಂದೊಂದಾಗಿ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳದ್ದು ಬರೀ ಲೆಕ್ಕ: ಇಂಥ ಪಡೆ, ಇಷ್ಟು ಜನ, ಅಷ್ಟೇ. 2021ರಲ್ಲಿ ಇಂಥ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ತಾನೇ ತನಿಖೆ ಮಾಡಿಸಿ ಇದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯವರಾದ ಕನಿಷ್ಠ 1,16,000 ಜನರನ್ನು ಹೆಸರಿನಿಂದ ನೆನೆದಿಲ್ಲ, ಇಲ್ಲವೇ ನೆನೆದೇ ಇಲ್ಲ ಅಂತ ಆ ವರದಿ ಹೇಳಿತು. ಆ ಸಂಖ್ಯೆ 3,50,000 ಕೂಡ ಇರಬಹುದಂತೆ. ಇತ್ತ ಸೈನಿಕರನ್ನು ಕಳಿಸಿದ ಎಷ್ಟೋ ಹಳ್ಳಿಗಳಲ್ಲಿ ಅಮೃತಶಿಲೆಯ ಫಲಕ ಹಾಕಿದರು. ಈ ಊರಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಅಂತ. ಅಲ್ಲೂ ಹೆಸರಿಲ್ಲ. ಸಾವಿರ ವರ್ಷದ ಹಿಂದೆ ದನ ಕಾಯುತ್ತಾ ಸತ್ತವನ ಹೆಸರು ಕೆತ್ತಿದ ನಾಡಲ್ಲಿ ಬರೀ ಅಂಕಿ ಉಳಿಯಿತು ಅಂದರೆ ಸಿಟ್ಟು ಬರುವುದಿಲ್ವಾ?

ಸ್ವಾತಂತ್ರ್ಯ ಬಂದ ಮೇಲೆ ಸಂಖ್ಯೆ ಹೋಗಿ ಹೆಸರು ಬಂತು. ಆದರೆ ದೇಹ ಬರುತ್ತಿರಲಿಲ್ಲ. 1962, 1965, 1971ರ ಯುದ್ಧಗಳಲ್ಲಿ ಮಡಿದವರಿಗೆ ಹೆಚ್ಚಾಗಿ ಗಡಿಯ ಹತ್ತಿರವೇ ಅಂತ್ಯಕ್ರಿಯೆ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಾರು, ಅಂದರೆ ಟೆಲಿಗ್ರಾಂ. ಓದಲು ಬಾರದ ಮನೆಗಳಲ್ಲಿ ತಾರು ಬಂತು ಅಂದ ಕೂಡಲೇ ಅಳು ಶುರು. ಪೋಸ್ಟ್‌ಮ್ಯಾನ್ ಬಿಡಿಸಿ ಓದುವಷ್ಟರಲ್ಲಿ ಓಣಿಯ ಮಂದಿ ಅಂಗಳದಲ್ಲಿ ಕೂತಿರುತ್ತಿದ್ದರು. ಆಮೇಲೆ ಒಂದು ದಿನ ಟ್ರಂಕ್ ಬರುತ್ತಿತ್ತು. ಎರಡು ಜೊತೆ ಬಟ್ಟೆ, ಮನೆಯಿಂದ ಹೋಗಿದ್ದ ಪತ್ರಗಳು.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 1949ರಿಂದ ಡಿಸೆಂಬರ್ 7 ಧ್ವಜ ದಿನ ಆಯಿತು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಚೀಟಿ ಕೊಂಡು ಅಂಗಿಗೆ ಸಿಕ್ಕಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ಆ ಹಣ ಎಲ್ಲಿಗೆ ಹೋಗುತ್ತದೆ ಅಂತ ಮೇಷ್ಟ್ರು ಹೇಳಿದ್ದು ಮಾತ್ರ ಕಡಿಮೆ. ಅದು ಯೋಧರ ವಿಧವೆಯರಿಗೆ, ಗಾಯಾಳುಗಳಿಗೆ, ನಿವೃತ್ತರಿಗೆ. ಬೆಳಗಾವಿಯ ಮಿಲಿಟರಿ ಶಾಲೆ, 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ ಸೇನೆಯನ್ನು ಇಲ್ಲಿಯ ಮಕ್ಕಳ ಹತ್ತಿರ ತಂದವು.

1999ರ ಕಾರ್ಗಿಲ್ ಯುದ್ಧದಲ್ಲಿ ದೊಡ್ಡ ಬದಲಾವಣೆ ಆಯಿತು. ಮಡಿದವರ ದೇಹವನ್ನು ಅವರವರ ಊರಿಗೇ ಕಳಿಸಬೇಕು ಅಂತ ವಾಜಪೇಯಿ ಸರ್ಕಾರ ತೀರ್ಮಾನಿಸಿತು. ಆ ಯುದ್ಧದಲ್ಲಿ ಸತ್ತವರು 527. ಅದೇ ಹೊತ್ತಿಗೆ ಟಿವಿ ಚಾನೆಲ್‌ಗಳೂ ಬಂದಿದ್ದವು. ದೂರದ ಗಡಿಯ ಸಾವು ಮೊದಲ ಬಾರಿಗೆ ಊರಿನ ಅಂಗಳದಲ್ಲಿ ಬಂದು ಕೂತಿತು. ತಾಯಿ ಮಗನ ಮುಖ ನೋಡಿದಳು, ಅದು ಸಣ್ಣ ಮಾತಲ್ಲ. ಈಗಿನ ಮೆರವಣಿಗೆ, ಪುತ್ಥಳಿ ಎಲ್ಲ ಬೆಳೆದದ್ದು ಅಲ್ಲಿಂದ. ನಿವೃತ್ತನಾಗಿ ಬಂದ ಮಿಲ್ಟ್ರಿ ಮಾಮಾನನ್ನು ತೆರೆದ ಜೀಪಿನಲ್ಲಿ ಕೂರಿಸಿ ಊರ ತುಂಬ ಮೆರೆಸುವುದನ್ನೂ ಈಗ ಎಲ್ಲೆಲ್ಲೂ ನೋಡುತ್ತೇವೆ. ಬದುಕಿ ಬಂದವನಿಗೂ ಹಾರ ಹಾಕುತ್ತಾರಲ್ಲ, ಅದು ನನಗೆ ಇಷ್ಟ. ದೆಹಲಿಯಲ್ಲಿ 25,000ಕ್ಕೂ ಹೆಚ್ಚು ಹೆಸರುಗಳ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದದ್ದು 2019ರ ಫೆಬ್ರುವರಿ 25ರಂದು.

ಕಲ್ಲಿನ ಕಥೆ ಇಷ್ಟು. ಹೊಲದ ಕಥೆ, ಅಂದರೆ ಮನೆಯವರಿಗೆ ಸಿಗುವ ಪರಿಹಾರದ ಕಥೆ, ಕಾಗದಗಳಲ್ಲಿದೆ. 2016ರಿಂದ ಜಾರಿಗೆ ಬಂದ ದರದಲ್ಲಿ, ಕರ್ತವ್ಯದ ವೇಳೆ ಅಪಘಾತವಾಗಿ ಸತ್ತರೆ ಕೇಂದ್ರದ ಪರಿಹಾರ 25 ಲಕ್ಷ ರೂಪಾಯಿ. ಗಡಿ ಚಕಮಕಿಯಲ್ಲಿ, ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ 35 ಲಕ್ಷ. ಯುದ್ಧದಲ್ಲಿ ಶತ್ರುವಿನ ಕೈಯಿಂದ ಸತ್ತರೆ 45 ಲಕ್ಷ. ಪಿಂಚಣಿಯಲ್ಲೂ ಮೆಟ್ಟಿಲುಗಳಿವೆ. ಕಾರ್ಯಾಚರಣೆಯ ಸಾವಿಗೆ ಕೊನೆಯ ಸಂಬಳದಷ್ಟೇ ಕುಟುಂಬ ಪಿಂಚಣಿ, ಕರ್ತವ್ಯಕ್ಕೆ ಸಂಬಂಧಪಟ್ಟ ಬೇರೆ ಸಾವಿಗೆ ಶೇ. 60. ಹಾಗಾಗಿ ಸಾವು ಹೇಗಾಯಿತು ಅನ್ನುವ ಒಂದು ಸಾಲಿನ ಮೇಲೆ ಹೆಂಡತಿಯ ಮುಂದಿನ ಬದುಕು ನಿಂತಿರುತ್ತದೆ. ಮೆರವಣಿಗೆಯಲ್ಲಿ ಈ ಭೇದ ಯಾರಿಗೂ ಕಾಣಿಸುವುದಿಲ್ಲ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕಾಣಿಸುತ್ತದೆ.

ಇನ್ನೊಂದು ನಿಯಮವಂತೂ ಕೇಳಿದರೆ ನಂಬುವುದು ಕಷ್ಟ. ಶೌರ್ಯ ಪದಕದ ಜೊತೆ ಬರುವ ಭತ್ಯೆ ವಿಧವೆ ಮತ್ತೆ ಮದುವೆಯಾದರೆ ನಿಂತುಹೋಗುತ್ತಿತ್ತು. ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಹಣ ಮನೆ ಬಿಟ್ಟು ಹೋಗಬಾರದು ಅನ್ನುವ ಹಳೇ ಲೆಕ್ಕ ಇದು. ಇದನ್ನು ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ.

ಈಗ ಹೊಸ ಪ್ರಶ್ನೆ ಬಂದಿದೆ. 2022ರ ಜೂನ್‌ನಲ್ಲಿ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ್ ಯೋಜನೆ ಘೋಷಣೆಯಾದ ಮೇಲೆ ಬೆಳಗಾವಿ ಕೇಂದ್ರದ ಮೈದಾನದಲ್ಲಿ ತರಬೇತಿ ಮುಗಿಸಿ ಪ್ರಮಾಣ ಮಾಡುವ ಹುಡುಗರು ಅಗ್ನಿವೀರರು. ನಾಲ್ಕು ವರ್ಷದ ಸೇವೆ, ಆಮೇಲೆ ಶೇ. 25ರವರೆಗೆ ಮಾತ್ರ ಕಾಯಂ. ಕರ್ತವ್ಯದಲ್ಲಿ ಸತ್ತರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಮನೆಯವರಿಗೆ ಸಿಗುತ್ತದೆ. ಕುಟುಂಬ ಪಿಂಚಣಿ ಇಲ್ಲ. ಬೇರೆ ಯೋಧರ ಮನೆಯವರಿಗೆ ಸಿಗುವುದು ಇವರಿಗೂ ಸಿಗಲಿ ಅಂತ 2024ರ ಫೆಬ್ರುವರಿಯಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಶಿಫಾರಸು ಮಾಡಿತು. ನನಗೂ ಅದೇ ಸರಿ ಅನ್ನಿಸುತ್ತದೆ. ಒಮ್ಮೆಗೇ ಬಂದ ದುಡ್ಡು ನಮ್ಮ ಹಳ್ಳಿಗಳಲ್ಲಿ ಎಲ್ಲಿ ಹೋಗುತ್ತದೆ ಅಂತ ಗೊತ್ತಲ್ಲ: ಸೊಸೈಟಿ ಸಾಲ, ತಂಗಿ ಮದುವೆ, ಕೈಗಡ ಕೇಳುವ ನೆಂಟರು. ತಿಂಗಳು ತಿಂಗಳು ಬರುವ ಪಿಂಚಣಿಯನ್ನು ಹಾಗೆ ಯಾರೂ ಒಮ್ಮೆಗೇ ಎತ್ತಿಕೊಂಡು ಹೋಗಲಾರರು.