ಲ್ಯಾಟಿನ್ನಿನ ಜೆರಂಡ್ ಮತ್ತು ಜೆರಂಡಿವ್: ‘ವುದು’ ಎಲ್ಲಿ, ‘ಬೇಕು’ ಎಲ್ಲಿ

ನ್ಯಾಯಾಲಯದ ವರದಿಗಳನ್ನು ಓದುವವರಿಗೆ ‘ಲೋಕಸ್ ಸ್ಟಾಂಡಿ’, ‘ಮೋಡಸ್ ಆಪರೆಂಡಿ’ ಎಂಬ ಮಾತುಗಳು ಹೊಸವಲ್ಲ. ಕಾನೂನು ಓದಿದವರಿಗೆ ‘ರೇಶಿಯೋ ಡೆಸಿಡೆಂಡಿ’, ‘ಓನಸ್ ಪ್ರೊಬಾಂಡಿ’ ಎಂಬವೂ ಗೊತ್ತಿರುತ್ತವೆ. ಈ ನಾಲ್ಕರಲ್ಲಿಯೂ ಎರಡನೆಯ ಪದವು ಲ್ಯಾಟಿನ್ ಜೆರಂಡಿನ ಷಷ್ಠೀ ವಿಭಕ್ತಿಯ ರೂಪವಾಗಿದೆ. ಬಿಡಿಸಿ ಹೇಳಿದರೆ ಕ್ರಮವಾಗಿ ನಿಲ್ಲುವುದರ ಸ್ಥಾನ, ಕೆಲಸ ಮಾಡುವುದರ ರೀತಿ, ತೀರ್ಮಾನಿಸುವುದರ ಆಧಾರ, ರುಜುವಾತುಪಡಿಸುವುದರ ಹೊಣೆ ಎಂದಾಗುತ್ತದೆ. ಹೀಗಾಗಿ ಲ್ಯಾಟಿನ್ ಪಾಠಪುಸ್ತಕದಲ್ಲಿ ಜೆರಂಡಿನ ಅಧ್ಯಾಯವನ್ನು ತೆರೆಯುವ ಹೊತ್ತಿಗೆ ಜೆರಂಡಿನ ಒಂದು ಮುಖ್ಯ ಬಳಕೆ ನಮಗೆ ಆಗಲೇ ಪರಿಚಯವಾಗಿರುತ್ತದೆ.

ಉದಾಹರಣೆಗಳನ್ನು ಇನ್ನು ಮುಂದೆ ರೋಮನ್ನರ ಕಾಲದ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿಯೇ ಬರೆಯುತ್ತೇನೆ. ಎ ಮತ್ತು ಏ, ಒ ಮತ್ತು ಓ ಎಂಬ ಭೇದ ನಮ್ಮ ಲಿಪಿಯಲ್ಲಿ ಇರುವುದರಿಂದ ಲ್ಯಾಟಿನ್ನಿನ ಹ್ರಸ್ವ ದೀರ್ಘಗಳನ್ನು ಬೇರೆ ಗುರುತುಗಳಿಲ್ಲದೆ ತೋರಿಸಬಹುದು. ಈ ಅನುಕೂಲವನ್ನು ಕನ್ನಡದ ವಿದ್ಯಾರ್ಥಿಗಳು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಧಾರಾಳವಾಗಿ ಬಳಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಜೆರಂಡ್ ಎಂಬುದು ಕ್ರಿಯೆಯಿಂದ ಹುಟ್ಟಿದ ನಾಮಪದ. ನಮ್ಮ ವ್ಯಾಕರಣದ ಮಾತಿನಲ್ಲಿ ಕೃದಂತಭಾವನಾಮ. ಅದು ಯಾವಾಗಲೂ ನಪುಂಸಕಲಿಂಗದ ಏಕವಚನದಲ್ಲಿಯೇ ಇರುತ್ತದೆ ಮತ್ತು ಅದರ ಅರ್ಥ ಕರ್ತರಿಯದು. ವರ್ತಮಾನದ ಅಂಗಕ್ಕೆ ‘ಂದ್’ ಸೇರಿಸಿ ವಿಭಕ್ತಿಯ ಕೊನೆಗಳನ್ನು ಹಚ್ಚಿದರೆ ರೂಪ ಸಿದ್ಧವಾಗುತ್ತದೆ. ಓದು ಎಂಬರ್ಥದ ಧಾತುವಿನಿಂದ ಷಷ್ಠಿಯಲ್ಲಿ ‘ಲೆಗೆಂದೀ’, ಚತುರ್ಥಿಯಲ್ಲಿ ‘ಲೆಗೆಂದೋ’, ದ್ವಿತೀಯೆಯಲ್ಲಿ ‘ಲೆಗೆಂದುಮ್’, ಪಂಚಮಿಯಲ್ಲಿ ಮತ್ತೆ ‘ಲೆಗೆಂದೋ’ ಎಂದು ಆಗುತ್ತದೆ. ಇವು ಕನ್ನಡದ ಓದುವುದರ, ಓದುವುದಕ್ಕೆ, ಓದುವುದನ್ನು, ಓದುವುದರಿಂದ ಎಂಬವುಗಳಿಗೆ ಎಷ್ಟು ಹತ್ತಿರವಾಗಿವೆಯೆಂದರೆ, ಇಂಗ್ಲಿಷಿನ ಮೂಲಕ ಸುತ್ತಿ ಬರುವುದಕ್ಕಿಂತ ನೇರವಾಗಿ ಕನ್ನಡದಿಂದಲೇ ಕಲಿಯುವುದು ಸುಲಭ. ನಮ್ಮ ‘ವುದು’ ರೂಪವೂ ವಿಭಕ್ತಿ ಪ್ರತ್ಯಯಗಳನ್ನು ತೆಗೆದುಕೊಳ್ಳುತ್ತದೆ, ಅದೇ ವೇಳೆಗೆ ಕ್ರಿಯೆಯ ಗುಣವನ್ನು ಉಳಿಸಿಕೊಂಡು ಕರ್ಮವನ್ನೂ ಬಯಸುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಲ್ಯಾಟಿನ್ ಜೆರಂಡಿಗೆ ಪ್ರಥಮಾ ವಿಭಕ್ತಿಯಿಲ್ಲ. ‘ತಪ್ಪುವುದು ಮಾನವಸಹಜ’ ಎನ್ನುವಲ್ಲಿ ‘ಎರ್ರಾರೆ ಹೂಮಾನುಮ್ ಎಸ್ತ್’ ಎಂದು ತುಮನ್ನಂತ, ಅಂದರೆ ಇಂಗ್ಲಿಷಿನಲ್ಲಿ ಇನ್ಫಿನಿಟಿವ್ ಎನ್ನುವ ರೂಪ, ಆ ಸ್ಥಾನವನ್ನು ತುಂಬುತ್ತದೆ. ‘ಓದುವುದನ್ನು ಪ್ರೀತಿಸುತ್ತೇನೆ’ ಎಂದು ನೇರ ಕರ್ಮವಾಗಿ ಬಂದಾಗಲೂ ತುಮನ್ನಂತವೇ ಬರಬೇಕು. ದ್ವಿತೀಯೆಯ ‘ಲೆಗೆಂದುಮ್’ ಬರುವುದು ‘ಅದ್’ ಮುಂತಾದ ಉಪಸರ್ಗಾವ್ಯಯಗಳ (ನಾಮಪದದ ಮುಂದೆ ನಿಲ್ಲುವ, ಇಂಗ್ಲಿಷಿನ ಪ್ರೆಪೊಸಿಷನ್ನಿನಂಥ ಪದಗಳ) ನಂತರ ಮಾತ್ರ: ‘ಅದ್ ಲೆಗೆಂದುಮ್’ ಎಂದರೆ ಓದುವುದಕ್ಕಾಗಿ. ಪಂಚಮಿಯು ಸಾಧನವನ್ನು ಹೇಳುವಾಗ ನಮ್ಮ ತೃತೀಯೆಯ ಕೆಲಸವನ್ನೂ ಮಾಡುತ್ತದೆ. ಮನುಷ್ಯನ ಮನಸ್ಸು ಕಲಿಯುವುದರಿಂದಲೂ ಚಿಂತಿಸುವುದರಿಂದಲೂ ಪೋಷಣೆಗೊಳ್ಳುತ್ತದೆ ಎಂದು ಸಿಸೆರೋ ಬರೆದ ಸಾಲಿನಲ್ಲಿ ‘ದಿಸ್ಕೆಂದೋ’ ಮತ್ತು ‘ಕೋಗಿತಂದೋ’ ಎಂಬ ಎರಡು ಜೆರಂಡುಗಳು ಇದೇ ಅರ್ಥದಲ್ಲಿ ಬಂದಿವೆ. ಚತುರ್ಥಿಯ ಬಳಕೆ ವಿರಳ. ಆರಂಭದಲ್ಲಿ ಅದರ ಮೇಲೆ ಹೆಚ್ಚು ಸಮಯ ಕಳೆಯಬೇಕಾಗಿಲ್ಲ.

ಜೆರಂಡಿಗೆ ಕರ್ಮವೊಂದು ಸೇರಿದಾಗ ನಿಜವಾದ ಕಷ್ಟ ಎದುರಾಗುತ್ತದೆ. ‘ನಗರವನ್ನು ಹಿಡಿಯುವ ಕಲೆ’ ಎಂದು ಹೇಳಬೇಕೆಂದುಕೊಳ್ಳೋಣ. ಕನ್ನಡದ ದಾರಿಯಲ್ಲಿ ಹೋದರೆ ‘ಅರ್ಸ್ ಉರ್ಬೆಮ್ ಕಪಿಯೆಂದೀ’ ಎಂದು ಬರೆಯುತ್ತೇವೆ: ಕಲೆ, ನಗರವನ್ನು, ಹಿಡಿಯುವುದರ. ಇದು ತಪ್ಪಲ್ಲ, ಆದರೆ ರೋಮನ್ನರಿಗೆ ಇದಕ್ಕಿಂತ ಪ್ರಿಯವಾದ ರಚನೆ ಇನ್ನೊಂದಿತ್ತು. ಅವರು ನಗರವನ್ನು ದ್ವಿತೀಯೆಯಿಂದ ಬಿಡಿಸಿ ಜೆರಂಡ್ ಇರುವ ಷಷ್ಠಿಗೆ ತರುತ್ತಾರೆ. ಜೆರಂಡಿನ ಬದಲು ಜೆರಂಡಿವ್ ಎಂಬ ಕೃದಂತ ವಿಶೇಷಣವನ್ನು ತಂದು, ಅದನ್ನು ನಗರದ ಲಿಂಗ ವಚನ ವಿಭಕ್ತಿಗಳಿಗೆ ಹೊಂದಿಸುತ್ತಾರೆ. ಆಗ ‘ಅರ್ಸ್ ಉರ್ಬಿಸ್ ಕಪಿಯೆಂದೈ’ ಎಂದಾಗುತ್ತದೆ. ನಗರ ಎಂಬ ಪದ ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗವಾದ್ದರಿಂದ ವಿಶೇಷಣಕ್ಕೂ ಸ್ತ್ರೀಲಿಂಗದ ಷಷ್ಠಿ ಬಂದಿದೆ. ಅರ್ಥದಲ್ಲಿ ಮಾತ್ರ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ.

ಅಭ್ಯಾಸ ಮಾಡುವಾಗ ನಾನು ಅನುಸರಿಸುವ ಕ್ರಮವನ್ನು ಒಂದು ವಾಕ್ಯದಲ್ಲಿ ತೋರಿಸುತ್ತೇನೆ. ‘ಶಾಂತಿಯನ್ನು ಕೋರುವುದಕ್ಕಾಗಿ ದೂತರು ಬಂದರು.’ ಮೊದಲು ಕರ್ಮವನ್ನು ಬದಿಗಿಟ್ಟು ಬರೀ ‘ಕೋರುವುದಕ್ಕಾಗಿ’ ಎಂಬುದನ್ನು ‘ಅದ್ ಪೆತೆಂದುಮ್’ ಎಂದು ಬರೆಯಬೇಕು. ನಂತರ ಜೆರಂಡ್ ಯಾವ ವಿಭಕ್ತಿಯಲ್ಲಿದೆ ಎಂದು ನೋಡಿ, ಶಾಂತಿಯನ್ನು ಅದೇ ವಿಭಕ್ತಿಗೆ ತಂದರೆ ‘ಪಾಕೆಮ್’ ಆಗುತ್ತದೆ. ಕೊನೆಯಲ್ಲಿ ಶಾಂತಿಯ ಲಿಂಗವನ್ನು ನೋಡಿ ‘ಪೆತೆಂದುಮ್’ ಎಂಬುದನ್ನು ‘ಪೆತೆಂದಮ್’ ಎಂದು ತಿದ್ದಬೇಕು: ‘ಅದ್ ಪಾಕೆಮ್ ಪೆತೆಂದಮ್’. ಇದನ್ನೇ ‘ಸಲುವಾಗಿ’ ಎಂಬರ್ಥದ, ಷಷ್ಠಿಯನ್ನು ಬಯಸುವ ‘ಕೌಸಾ’ ಪದದೊಂದಿಗೆ ಹೇಳಿದರೆ ‘ಪಾಕಿಸ್ ಪೆತೆಂದೈ ಕೌಸಾ’ ಎಂದಾಗುತ್ತದೆ. ‘ಅದ್’ ಮುಂತಾದವುಗಳ ನಂತರ ಕರ್ಮಸಹಿತ ಜೆರಂಡನ್ನು ಒಳ್ಳೆಯ ಗದ್ಯ ಒಪ್ಪುವುದಿಲ್ಲ, ಅಲ್ಲಿ ಜೆರಂಡಿವ್ ಬರಲೇಬೇಕು. ಷಷ್ಠಿಯಲ್ಲಿಯೂ ಉಪಸರ್ಗಾವ್ಯಯವಿಲ್ಲದ ಪಂಚಮಿಯಲ್ಲಿಯೂ ಎರಡಕ್ಕೂ ಅವಕಾಶವಿದೆ. ಬಹುವಚನದ ಷಷ್ಠಿಯಲ್ಲಿ ‘ಲಿಬ್ರೋರುಮ್ ಲೆಗೆಂದೋರುಮ್’ ಎಂದು ಒಂದೇ ಕೊನೆಯ ಎರಡು ಭಾರವಾದ ಪದಗಳು ಒಟ್ಟಿಗೆ ಬೀಳುವುದನ್ನು ತಪ್ಪಿಸಲು ‘ಲಿಬ್ರೋಸ್ ಲೆಗೆಂದೀ’ ಎಂಬ ಸರಳ ಜೆರಂಡನ್ನೇ ಲೇಖಕರು ಆರಿಸಿಕೊಳ್ಳುವುದುಂಟು.

ಜೆರಂಡಿವ್ ಎಂದರೆ ‘ಮಾಡಬೇಕಾದ’, ‘ಮಾಡತಕ್ಕ’ ಎಂದು ಪಾಠಪುಸ್ತಕಗಳು ಮೊದಲ ಪುಟದಲ್ಲಿಯೇ ಹೇಳಿಬಿಡುತ್ತವೆ. ಅದನ್ನು ನಂಬಿ ಎಲ್ಲ ಕಡೆಗೂ ‘ಬೇಕಾದ’ ಹಚ್ಚುತ್ತಾ ಹೋದರೆ ಅರ್ಥ ಕೆಡುತ್ತದೆ. ಕ್ರಿಸ್ತಪೂರ್ವ 43ರಲ್ಲಿ ಆಂಟನಿ, ಒಕ್ಟೇವಿಯನ್, ಲೆಪಿಡಸ್ ಈ ಮೂವರಿಗೆ ಕಾನೂನಿನ ಮೂಲಕ ದೊರೆತ ಅಧಿಕಾರದ ಹೆಸರು ‘ತ್ರೇಸ್ವಿರೀ ರೆಯೀ ಪೂಬ್ಲಿಕೈ ಕೋನ್ಸ್ತಿತುವೆಂದೈ’. ಅವರ ನಾಣ್ಯಗಳ ಮೇಲೆ ಇದೇ ಬಿರುದಿನ ಸಂಕ್ಷಿಪ್ತ ಅಕ್ಷರಗಳನ್ನು ಕಾಣಬಹುದು. ಕಲಿಯಲು ತೊಡಗಿದ ದಿನಗಳಲ್ಲಿ ನಾನು ಇದನ್ನು ‘ಸ್ಥಾಪಿಸಬೇಕಾದ ಗಣರಾಜ್ಯದ ಮೂವರು’ ಎಂದು ಬರೆದಿಟ್ಟುಕೊಂಡಿದ್ದೆ, ಮತ್ತು ಆ ಮಾತಿಗೆ ಅರ್ಥವೇ ಹೊರಡುತ್ತಿಲ್ಲವಲ್ಲ ಎಂದು ಬಹಳ ಹೊತ್ತು ಯೋಚಿಸುತ್ತಾ ಕುಳಿತಿದ್ದೆ. ಇದು ‘ಉರ್ಬಿಸ್ ಕಪಿಯೆಂದೈ’ ಇದ್ದಂಥದೇ ರಚನೆ ಎಂದು ಹೊಳೆದ ಮೇಲೆ ಎಲ್ಲವೂ ನೇರವಾಯಿತು: ‘ಗಣರಾಜ್ಯವನ್ನು ವ್ಯವಸ್ಥೆಗೊಳಿಸುವುದಕ್ಕಾಗಿ ಇರುವ ಮೂವರು’. ಇಲ್ಲಿ ‘ಬೇಕು’ ಎಂಬುದಕ್ಕೆ ಜಾಗವೇ ಇಲ್ಲ. ವಿಶೇಷಣವು ನಾಮಪದದೊಡನೆ ಹೀಗೆ ಪ್ರಥಮೆಯಲ್ಲದ ವಿಭಕ್ತಿಗೆ ಇಳಿದು ಮತ್ತೊಂದು ಪದವನ್ನೋ ಉಪಸರ್ಗಾವ್ಯಯವನ್ನೋ ಆತುಕೊಂಡಿದ್ದರೆ, ಕನ್ನಡಕ್ಕೆ ತರುವಾಗ ಮೊದಲು ‘ವುದು’ ಹಚ್ಚಿ ನೋಡಬೇಕು.

‘ಬೇಕು’ ಬರುವ ಮುಖ್ಯ ಸ್ಥಳ ಬೇರೆ. ‘ಇರು’ ಎಂಬರ್ಥದ ಕ್ರಿಯಾಪದದೊಡನೆ, ‘ಎಸ್ತ್’ ಮುಂತಾದ ರೂಪಗಳೊಡನೆ, ಜೆರಂಡಿವ್ ಆಖ್ಯಾತದ, ಅಂದರೆ ವಾಕ್ಯವನ್ನು ಮುಗಿಸುವ ಕ್ರಿಯೆಯ, ಭಾಗವಾಗಿ ನಿಂತಾಗ ಅದು ಕರ್ತವ್ಯವನ್ನು, ಅಗತ್ಯವನ್ನು ಹೇಳುತ್ತದೆ. ‘ಕರ್ಥಾಗೋ ದೇಲೆಂದ ಎಸ್ತ್’, ಅಂದರೆ ಕಾರ್ಥೇಜನ್ನು ನಾಶಮಾಡಲೇಬೇಕು, ಎಂಬುದು ಎಲ್ಲರೂ ಕೇಳಿರುವ ಉದಾಹರಣೆ. ಆ ಊರಿನ ಹೆಸರು ಸ್ತ್ರೀಲಿಂಗವಾಗಿರುವುದರಿಂದ ‘ದೇಲೆಂದ’. ಹಿರಿಯ ಕ್ಯಾಟೋ ತನ್ನ ಭಾಷಣಗಳ ಕೊನೆಯಲ್ಲಿ ಈ ಅರ್ಥದ ಮಾತನ್ನು ಸೇರಿಸುತ್ತಿದ್ದನೆಂದು ಪ್ಲೂಟಾರ್ಕ್ ಗ್ರೀಕಿನಲ್ಲಿ ಬರೆದಿದ್ದಾನೆ. ಕ್ಯಾಟೋ ಕ್ರಿಸ್ತಪೂರ್ವ 149ರಲ್ಲಿ ತೀರಿಕೊಂಡನು. ನಗರ ನಾಶವಾದದ್ದು 146ರಲ್ಲಿ.

ಮಾಡಬೇಕಾದವನು ಯಾರು ಎಂದು ಹೇಳಲು ಲ್ಯಾಟಿನ್ ಚತುರ್ಥಿಯನ್ನು ಬಳಸುತ್ತದೆ: ‘ಲಿಬೆರ್ ಮಿಹಿ ಲೆಗೆಂದುಸ್ ಎಸ್ತ್’, ನಾನು ಪುಸ್ತಕವನ್ನು ಓದಬೇಕಾಗಿದೆ. ಕ್ರಿಯೆ ಅಕರ್ಮಕವಾದರೆ ಹೊಂದಿಕೊಳ್ಳಲು ನಾಮಪದವೇ ಇಲ್ಲದ ಕಾರಣ ಜೆರಂಡಿವ್ ನಪುಂಸಕ ಏಕವಚನದಲ್ಲಿ ನಿಲ್ಲುತ್ತದೆ: ‘ಮಿಹಿ ದೊಮೀ ಮನೆಂದುಮ್ ಎಸ್ತ್’. ‘ನನಗೆ ಮನೆಯಲ್ಲೇ ಉಳಿಯಬೇಕಾಗಿದೆ’ ಎಂಬ ನಮ್ಮ ಮಾತಿನಲ್ಲಿಯೂ ‘ನನಗೆ’ ಎಂಬ ಚತುರ್ಥಿ ಇದೆಯಷ್ಟೆ. ಅದನ್ನು ನೆನಪಿಟ್ಟುಕೊಂಡರೆ ‘ಮಿಹಿ’ ಮರೆಯುವುದಿಲ್ಲ. ಚತುರ್ಥಿಯನ್ನೇ ಬಯಸುವ ಕ್ರಿಯಾಪದಗಳಲ್ಲಿ ಮಾತ್ರ ಎರಡು ಚತುರ್ಥಿಗಳು ಸೇರಿ ಗೊಂದಲವಾಗಬಾರದೆಂದು ಕರ್ತೃವಿಗೆ ‘ಆ’ ಎಂಬ ಅವ್ಯಯವನ್ನೂ ಪಂಚಮಿಯನ್ನೂ ಕೊಡುತ್ತಾರೆ: ‘ಹೊಸ್ತಿಬುಸ್ ಆ ನೋಬೀಸ್ ಪರ್ಕೆಂದುಮ್ ಎಸ್ತ್’, ನಾವು ಶತ್ರುಗಳನ್ನು ಉಳಿಸಬೇಕು.

ನಾಮಪದಕ್ಕೆ ಹೊಂದಿಕೊಳ್ಳುವ ಮತ್ತು ನಪುಂಸಕದಲ್ಲಿ ಒಂಟಿಯಾಗಿ ನಿಲ್ಲುವ ಈ ಎರಡು ಬಗೆಗಳೂ ಒಂದೇ ಉಸಿರಿನಲ್ಲಿ ಬರುವ ಸಾಲೊಂದು ರೋಮನ್ ಕವಿ ಹೊರೇಸನಲ್ಲಿದೆ. ಕ್ಲಿಯೋಪಾತ್ರಳ ಪತನದ ಸುದ್ದಿಗೆ ಸಂಭ್ರಮಿಸುವ ಆ ಗೀತೆ ‘ನುಂಕ್ ಎಸ್ತ್ ಬಿಬೆಂದುಮ್, ನುಂಕ್ ಪೆದೆ ಲೀಬೆರೋ ಪುಲ್ಸಂದ ತೆಲ್ಲೂಸ್’ ಎಂದು ಆರಂಭವಾಗುತ್ತದೆ. ಈಗ ಕುಡಿಯಬೇಕು, ಈಗ ಬಿಡುಗಡೆಯ ಪಾದದಿಂದ ನೆಲವನ್ನು ಬಡಿಯಬೇಕು ಎಂದು ಅರ್ಥ. ಏನನ್ನು ಕುಡಿಯಬೇಕೆಂದು ಹೇಳಿಲ್ಲವಾದ್ದರಿಂದ ‘ಬಿಬೆಂದುಮ್’ ನಪುಂಸಕದಲ್ಲಿ ಒಂಟಿಯಾಗಿ ನಿಂತಿದೆ; ನೆಲ ಎಂಬ ಸ್ತ್ರೀಲಿಂಗ ಪದ ಜೊತೆಗಿರುವುದರಿಂದ ‘ಪುಲ್ಸಂದ’ ಅದಕ್ಕೆ ಹೊಂದಿಕೊಂಡಿದೆ. ಎರಡನೆಯ ಭಾಗದಲ್ಲಿ ‘ಎಸ್ತ್’ ಮತ್ತೆ ಬಂದಿಲ್ಲ, ಓದುವವರೇ ಊಹಿಸಿಕೊಳ್ಳಬೇಕು. ಇಡೀ ಅಧ್ಯಾಯದಲ್ಲಿ ಬಾಯಿಪಾಠ ಮಾಡಲು ಒಂದೇ ಸಾಲನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಸೂಚಿಸುತ್ತೇನೆ.

ಸಂಸ್ಕೃತ ಬಲ್ಲವರಿಗೆ ಕರ್ತವ್ಯ, ಸ್ಮರಣೀಯ, ಪೂಜ್ಯ ಎಂಬ ಕೃತ್ಯಪ್ರತ್ಯಯದ ರೂಪಗಳು ಇಲ್ಲಿ ನೆನಪಾಗುವುದು ಸಹಜ, ಮತ್ತು ಈ ಎರಡನೆಯ ಬಳಕೆಯ ಮಟ್ಟಿಗೆ ಹೋಲಿಕೆ ಸರಿಯಾಗಿಯೇ ಇದೆ. ಆದರೆ ಸಂಸ್ಕೃತದಲ್ಲಿ ಕರ್ತೃವಿಗೆ ತೃತೀಯೆ ಅಥವಾ ಷಷ್ಠಿ ಬರುತ್ತದೆ, ಲ್ಯಾಟಿನ್ನಿನಲ್ಲಿ ಚತುರ್ಥಿ. ಇದಕ್ಕಿಂತ ದೊಡ್ಡ ತೊಡಕು ಹೆಸರಿನದು: ಇಂಗ್ಲಿಷಿನಲ್ಲಿ ಬರೆದ ಹಲವು ಸಂಸ್ಕೃತ ವ್ಯಾಕರಣಗಳು ‘ಕೃತ್ವಾ’, ‘ಗತ್ವಾ’ ಎಂಬ ಅವ್ಯಯಗಳನ್ನು ಜೆರಂಡ್ ಎಂದು ಕರೆಯುತ್ತವೆ. ಅವು ನಮ್ಮ ‘ಮಾಡಿ’, ‘ಹೋಗಿ’ ಎಂಬವುಗಳಿಗೆ ಸಮನಾದವು. ಲ್ಯಾಟಿನ್ ಜೆರಂಡಿಗೂ ಅವುಗಳಿಗೂ ಹೆಸರಲ್ಲದೆ ಬೇರೆ ಸಂಬಂಧವಿಲ್ಲ.

ಡಿಪೋನೆಂಟ್ ಕ್ರಿಯಾಪದಗಳ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅವುಗಳ ರೂಪ ಕರ್ಮಣಿಯದಾಗಿದ್ದು ಅರ್ಥ ಕರ್ತರಿಯದಾಗಿದ್ದರೂ, ಜೆರಂಡಿವ್‌ನಲ್ಲಿ ಮಾತ್ರ ನಿಜವಾದ ಕರ್ಮಣಿಯ ಅರ್ಥವೇ ಇರುತ್ತದೆ. ‘ಸೆಕ್ವೆಂದುಸ್’ ಎಂದರೆ ಅನುಸರಿಸತಕ್ಕವನು ಎಂದೇ ಹೊರತು ಅನುಸರಿಸುವವನು ಎಂದಲ್ಲ. ಮಿರಾಂಡಾ ಎಂಬ ಹೆಸರಿಗೆ ಮೆಚ್ಚತಕ್ಕವಳು ಎಂಬ ಅರ್ಥ ಬಂದಿರುವುದೂ ಹೀಗೆಯೇ.

ಉಳಿದಿರುವುದು ಮೂರನೆಯ ಒಂದು ಬಳಕೆ. ‘ಕೂರೋ’ ಎಂಬ ಕ್ರಿಯಾಪದಕ್ಕೆ ನೋಡಿಕೊಳ್ಳು, ಏರ್ಪಾಡು ಮಾಡು ಎಂಬ ಅರ್ಥವಿದೆ. ಅದರ ಕರ್ಮದೊಡನೆ ಜೆರಂಡಿವ್ ಹೊಂದಿಕೊಂಡು ಬಂದರೆ, ಆ ಕೆಲಸವನ್ನು ಬೇರೆಯವರಿಂದ ಆಗಮಾಡಿಸುವ ಅರ್ಥ ಬರುತ್ತದೆ. ಕ್ರಿಸ್ತಪೂರ್ವ 58ರಲ್ಲಿ ಹೆಲ್ವೇಷಿಯನ್ನರೆಂಬ ಬುಡಕಟ್ಟಿನವರನ್ನು ಬೆನ್ನಟ್ಟಿದ ಸೀಸರ್, ಇಂದು ಸೋನ್ ಎಂದು ಕರೆಯಲ್ಪಡುವ ಅರಾರ್ ನದಿಯ ಬಳಿ ಮಾಡಿದ್ದನ್ನು ‘ಪೊಂತೆಮ್ ಫಕಿಯೆಂದುಮ್ ಕೂರತ್’ ಎಂಬ ಮಾತಿನಲ್ಲಿ ಬರೆದಿದ್ದಾನೆ. ಶತ್ರುಗಳು 20 ದಿನ ಪಾಡುಪಟ್ಟು ದಾಟಿದ ನದಿಯನ್ನು ಅವನ ಸೈನ್ಯ ಒಂದೇ ದಿನದಲ್ಲಿ ದಾಟಿತು. ಇಂಗ್ಲಿಷಿನಿಂದ ಅನುವಾದಿಸಿಕೊಂಡು ‘ಸೇತುವೆ ಕಟ್ಟಲ್ಪಡುವಂತೆ ನೋಡಿಕೊಳ್ಳುತ್ತಾನೆ’ ಎಂದು ಬರೆದ ಉತ್ತರಗಳನ್ನು ಸಹಪಾಠಿಗಳ ಪುಸ್ತಕಗಳಲ್ಲಿ ನಾನು ಕಂಡಿದ್ದೇನೆ. ಲ್ಯಾಟಿನ್ ಮೂರು ಪದಗಳಲ್ಲಿ ಹೇಳಿದ್ದು ನಮ್ಮ ‘ಇಸು’ ಪ್ರತ್ಯಯದಿಂದ ಎರಡೇ ಪದಗಳಲ್ಲಿ ಮುಗಿಯುತ್ತದೆ: ಸೇತುವೆ ಕಟ್ಟಿಸುತ್ತಾನೆ.